ಬೀಜಕ್ಕೆ ಬಿಟ್ಟ ಗಿಡ

ತುಲಾಮಾಸವು ಕಳೆದು ಮಳೆಯು ಹಿಂದೆಗೆಯಿತೆಂದರೆ ನಮ್ಮ ಪಂಜದ ಸೀಮೆಯಲ್ಲಿ ಮನೆಮನೆಯ ಹಿತ್ತಿಲಿನಿಂದಲೂ ಗುದ್ದಲಿಯ ಸದ್ದು ಕೇಳಿಬರತೊಡಗುವುದು. ತೋಡುಗಳ ನೀರು ತಿಳಿಯಾಗಿ, ಅಡಕೆಯ ತೋಟದ ಅಂಚಿನಲ್ಲಿ ಒಳ್ಳೆಯ ಬಿಸಿಲು ಬೀಳತೊಡಗಿದ ಮೇಲೆ, ಗೃಹಸ್ಥನಾದವನಿಗೆ ಒಂದು ಸಾಲು ಹರಿವೆಯನ್ನಾದರೂ ಬಿತ್ತದೆ ಮನಸ್ಸು ನಿಲ್ಲದು. ತುಳುವಿನಲ್ಲಿ ಪದಪೆಯೆಂದೂ ಕನ್ನಡದಲ್ಲಿ ಹರಿವೆಯೆಂದೂ ಕರೆಯಲ್ಪಡುವ ಈ ಸೊಪ್ಪು ನಮ್ಮ ಊಟದ ಎಲೆಯ ಮೇಲೆ ಎಷ್ಟು ರೂಪದಿಂದ ಬರುವುದೆಂಬುದನ್ನು ವಾಚಕರಿಗೆ ಹೇಳಬೇಕಾದುದಿಲ್ಲ. ಎಲೆಯಿಂದ ಪಲ್ಯ, ಎಳೆಯ ಕುಡಿಯಿಂದ ತಂಬುಳಿ, ಬಲಿತ ದಂಟಿನಿಂದ ಹುಳಿ. ಕೆಂಪು ಹರಿವೆಯಾದರೆ ಅನ್ನವೂ ಕೆಂಪೇರಿ ಮಕ್ಕಳಿಗೆ ಅದೊಂದು ಉತ್ಸವ.

ಇಷ್ಟೆಲ್ಲ ಮಾಡುವ ಗೃಹಸ್ಥರಲ್ಲಿ ಬಹುಮಂದಿ ಬಿತ್ತುವ ಬೀಜವನ್ನು ಮಾತ್ರ ಪೇಟೆಯಿಂದ ತರುವರು. ಪೊಟ್ಟಣದ ಮೇಲೆ ಬಣ್ಣದ ಚಿತ್ರವಿರುವುದು, ಬೆಲೆಯೂ ಹೆಚ್ಚಿನದಲ್ಲ. ಹೀಗಿರುವಲ್ಲಿ ಮನೆಯಲ್ಲಿ ಬೀಜವನ್ನಿಡುವ ಶ್ರಮವೇಕೆ ಎಂದು ಕೇಳುವವರಿದ್ದಾರೆ. ನಾವೂ ಒಂದು ಕಾಲದಲ್ಲಿ ಹಾಗೆಯೇ ಕೇಳಿದವರು. ಆ ಪ್ರಶ್ನೆಯ ಉತ್ತರವನ್ನು ನಾವು ಕಲಿತುದು ಗ್ರಂಥದಿಂದಲ್ಲ. ಮನೆಯಲ್ಲಿದ್ದುದೊಂದನ್ನು ಕಳೆದುಕೊಂಡು ಕಲಿತೆವು. ಆ ಸಂಗತಿಯನ್ನೇ ಮೊದಲು ನಿವೇದಿಸಿಕೊಳ್ಳುವೆವು.

ನಮ್ಮ ತಾಯಿಯವರು ಈ ಮನೆಗೆ ಸೊಸೆಯಾಗಿ ಬಂದಾಗ ತವರಿನಿಂದ ತಂದ ವಸ್ತುಗಳಲ್ಲಿ ಒಂದು ಹಿಡಿ ಕೆಂಪು ಹರಿವೆಯ ಬೀಜವೂ ಇದ್ದಿತಂತೆ. ಆ ಹರಿವೆ ಎದೆಯೆತ್ತರ ಬೆಳೆಯುತ್ತಿತ್ತು. ದಂಟು ಹೆಬ್ಬೆರಳಿಗಿಂತ ದಪ್ಪವಾದರೂ ನಾರಾಗುತ್ತಿರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಬೇರೆ ಮನೆಗಳ ಹರಿವೆ ಹೂಬಿಟ್ಟು ಮುದಿಯಾದ ಮೇಲೂ ಅದು ಇನ್ನೊಂದು ತಿಂಗಳು ಎಲೆಯನ್ನು ಕೊಡುತ್ತಿತ್ತು. ತಾಯಿಯವರು ಸಾಲಿನಲ್ಲಿ ಗಿಡಗಳು ಮೊಣಕಾಲೆತ್ತರಕ್ಕೆ ಬಂದ ಹೊತ್ತಿಗೆ ಎಲ್ಲವನ್ನೂ ಒಮ್ಮೆ ನೋಡಿ, ಎಂಟು ಹತ್ತು ಗಿಡಗಳ ಬುಡಕ್ಕೆ ಬಾಳೆಯ ನಾರನ್ನು ಸಡಿಲವಾಗಿ ಕಟ್ಟಿಬಿಡುವರು. ಅವೇ ಸಾಲಿನಲ್ಲಿ ಅತ್ಯಂತ ಪುಷ್ಟವಾದ ಗಿಡಗಳು. ಬಾಲಕರಾಗಿದ್ದ ನಾವು ಆಸೆಪಟ್ಟು ಅದರ ಬಳಿಗೆ ಕೈಯೊಯ್ದರೆ, “ಅದು ಬೀಜಕ್ಕೆ ಬಿಟ್ಟದ್ದು ಮಗಾ, ಅದಕ್ಕೆ ಕತ್ತಿ ತಾಗಿಸಬೇಡ” ಎನ್ನುವರು. ಮನೆಗೆ ನೆಂಟರು ಬಂದು ಪಲ್ಯಕ್ಕೆ ಸೊಪ್ಪು ಸಾಲದೆ ಹೋದ ದಿನವೂ ನಾರು ಕಟ್ಟಿದ ಗಿಡವನ್ನು ಅವರು ಮುಟ್ಟಿದುದನ್ನು ನಾವು ಕಂಡಿಲ್ಲ. ಒಳ್ಳೆಯದನ್ನೆಲ್ಲ ಬಿಟ್ಟು ಕುಳ್ಳನ್ನು ತಿನ್ನುವುದು ಎಂತಹ ಲೆಕ್ಕವೆಂದು ನಮಗೆ ಆಗ ತೋರುತ್ತಿತ್ತು.

೨೦೦೮ರಲ್ಲಿ ತಾಯಿಯವರು ತೀರಿಕೊಂಡರು. ಹರಿವೆಯ ಸಾಲು ನಮ್ಮ ಮತ್ತು ನಮ್ಮ ಮನೆಯಾಕೆಯ ಪಾಲಿಗೆ ಬಂದಿತು. ಶಾಲೆಯ ಕೆಲಸದ ಗಡಿಬಿಡಿಯಲ್ಲಿ ಬೆಳಗ್ಗೆ ಕೈಗೆ ಎಟುಕಿದ ದೊಡ್ಡ ಗಿಡವನ್ನು ಕೊಯ್ದು ಅಡುಗೆಗೆ ಕೊಡುವುದೇ ರೂಢಿಯಾಯಿತು. ಉಳಿದವು ಯಾವುವು? ಬೆಳೆಯದೆ ಕುಗ್ಗಿದವು, ಗೇಣುದ್ದಕ್ಕೇ ತೆನೆ ಹೊರಡಿಸಿದವು. ‘ಹೇಗೂ ತಿನ್ನಲಾಗದು, ಬೀಜಕ್ಕಾದರೂ ಆಗಲಿ’ ಎಂದು ಅವುಗಳಿಂದಲೇ ಬೀಜವನ್ನು ತೆಗೆದಿಟ್ಟೆವು. ಮಿತವ್ಯಯವನ್ನು ಸಾಧಿಸಿದೆವೆಂದು ನಮಗೆ ಸಮಾಧಾನ. ಹೀಗೆ ಮೂರು ವರ್ಷ ನಡೆಯಿತು. ನಾಲ್ಕನೆಯ ವರ್ಷ ಬಿತ್ತಿದ ಸಾಲು ಮೊಳಕಾಲು ಮುಟ್ಟುವ ಮೊದಲೇ ಇಡಿಯಾಗಿ ಹೂಬಿಟ್ಟಿತು. ಎದೆಯೆತ್ತರದ ಹರಿವೆ ಎಲ್ಲಿ ಹೋಯಿತೆಂದು ಮನೆಯಾಕೆ ಕೇಳಿದಳು, ನಮ್ಮಲ್ಲಿ ಉತ್ತರವಿರಲಿಲ್ಲ.

ಆಗ ಪೇಟೆಯ ಪೊಟ್ಟಣವನ್ನು ತಂದು ಹಳೆಯ ಸಾಲಿನ ಪಕ್ಕದಲ್ಲಿಯೇ ಬಿತ್ತಿದೆವು. ಅದು ಹಸುರು ಹರಿವೆ, ಚೆನ್ನಾಗಿಯೇ ಬಂದಿತು. ಆದರೆ ಮರುವರ್ಷ ನಮ್ಮ ಕೆಂಪು ಹರಿವೆಯ ಬೀಜದಿಂದ ಮೂಡಿದ ಗಿಡಗಳಲ್ಲಿ ಕೆಲವು ಕೆಂಪು, ಕೆಲವು ಹಸುರು, ಕೆಲವು ಎರಡೂ ಅಲ್ಲ. ಕಡೆಗೆ ಅಟ್ಟವನ್ನು ಗುಡಿಸುವಾಗ ತಾಯಿಯವರ ಕೈಯಿಂದ ಕಟ್ಟಲ್ಪಟ್ಟ ಬೀಜದ ಗಂಟೊಂದು ಸಿಕ್ಕಿತು. ಸಂತೋಷಕ್ಕೆ ಪಾರವಿಲ್ಲ. ಅದನ್ನು ನೀರು ಚಿಮುಕಿಸಿ ಬಿತ್ತಿ ಹದಿನೈದು ದಿನ ಕಾದೆವು. ಒಂದು ಮೊಳಕೆಯೂ ಏಳಲಿಲ್ಲ. ನಾವು ಮೂವತ್ತು ವರ್ಷ ಮಕ್ಕಳಿಗೆ ಬೀಜಾಂಕುರನ್ಯಾಯವನ್ನು ಬೋಧಿಸಿದವರು. ಬೀಜ ಮೊದಲೋ ಅಂಕುರ ಮೊದಲೋ ಎಂಬ ವಾದವನ್ನು ಹಲಗೆಯ ಮೇಲೆ ಬರೆದು ವಿವರಿಸಿದವರಿಗೆ, ಯಾವ ಗಿಡವನ್ನು ಬೀಜಕ್ಕೆ ಬಿಡಬೇಕೆಂಬುದೇ ತಿಳಿಯದೆ ಹೋಯಿತು.

ಮತ್ತೆ ಕೆಲವು ವರ್ಷಗಳು ಕಳೆದುವು. ೨೦೧೬ರ ಪುಷ್ಯಮಾಸದಲ್ಲಿ, ಶಾಲೆಗೆ ಬಾರದ ಹುಡುಗನೊಬ್ಬನನ್ನು ವಿಚಾರಿಸುವುದಕ್ಕಾಗಿ ತೋಡಿನಾಚೆಯ ಒಂದು ಮನೆಗೆ ಹೋದೆವು. ಹುಡುಗನಿಗೆ ಜ್ವರ. ಅವನ ಅಜ್ಜಿ ಅಂಗಳದ ಕೆಳಗೆ ಸೊಪ್ಪು ಕೊಯ್ಯುತ್ತಿದ್ದರು. ಆ ಸಾಲನ್ನು ಕಂಡ ನಾವು ಬಂದ ಕೆಲಸವನ್ನೇ ಮರೆತೆವು. ಎದೆಯೆತ್ತರದ ಕೆಂಪು ಹರಿವೆ. ಅಂಚಿನ ಎಂಟು ಹತ್ತು ಗಿಡಗಳ ಬುಡದಲ್ಲಿ ಬಾಳೆಯ ನಾರು.

“ಅಕ್ಕಾ, ಈ ಹರಿವೆಯ ಬೀಜವನ್ನು ಎಲ್ಲಿಂದ ತರಿಸಿದಿರಿ?” ಎಂದು ಕೇಳಿದೆವು.

ಆಕೆ ನಕ್ಕು, “ಎಲ್ಲಿಂದಲೂ ತರಿಸಿದ್ದಲ್ಲ ಮಾಷ್ಟ್ರೇ. ನಾನು ಮದುವೆಯಾಗಿ ಈ ಮನೆಗೆ ಬಂದ ವರ್ಷ ನಿಮ್ಮ ಅಮ್ಮ ಒಂದು ಗೆರಟೆಯಲ್ಲಿ ತಂದು ಕೊಟ್ಟದ್ದು. ಅವರು ಹೇಳಿದ ಹಾಗೆಯೇ ನಡೆಸಿಕೊಂಡು ಬಂದಿದ್ದೇನೆ. ನಿಮ್ಮಲ್ಲಿ ಇಲ್ಲವಾ?” ಎಂದರು.

ನಾವು ತಲೆತಗ್ಗಿಸಿದೆವು. ಆಕೆ ಮತ್ತೇನನ್ನೂ ಕೇಳದೆ ಒಳಗೆ ಹೋಗಿ ಒಂದು ಸಣ್ಣ ಗಂಟನ್ನು ತಂದಿತ್ತು, “ಬೇಗ ಹೂ ಬಿಟ್ಟದ್ದನ್ನು ಮಾತ್ರ ಇಡಬೇಡಿ. ಕೊನೆಗೆ ಹೂ ಬಿಡುವುದನ್ನು ಇಡಿ. ನಿಮ್ಮ ಅಮ್ಮನೇ ಹೇಳಿದ್ದು” ಎಂದರು. ನಮ್ಮ ತಾಯಿಯ ಮಾತನ್ನು ನಾವು ಅರುವತ್ತರ ಹತ್ತಿರ ಬಂದು, ನೆರೆಮನೆಯಾಕೆಯ ಬಾಯಿಂದ ಕೇಳಬೇಕಾಯಿತು.

ಇನ್ನು ಈ ಮಾತಿನ ಅರ್ಥವನ್ನು ವಿಚಾರಿಸೋಣ. ಸೊಪ್ಪಿನ ಗಿಡ ಹೂಬಿಡತೊಡಗಿದೊಡನೆ ತನ್ನ ಸತ್ತ್ವವನ್ನು ಎಲೆಯಿಂದ ತೆನೆಗೆ ಹರಿಸುವುದು; ದಂಟು ನಾರಾಗುವುದು. ಆದುದರಿಂದ ಸೊಪ್ಪಿಗಾಗಿ ಬೆಳೆಯುವವನಿಗೆ ತಡವಾಗಿ ಹೂಬಿಡುವುದೇ ಗುಣ. ಒಂದೇ ಸಾಲಿನ ಗಿಡಗಳಲ್ಲಿಯೂ ಕೆಲವು ಬೇಗನೆ, ಕೆಲವು ತಡವಾಗಿ ಹೂಬಿಡುತ್ತವೆ. ಈ ಸ್ವಭಾವದಲ್ಲಿ ಒಂದು ಭಾಗವು ನೀರು ಗೊಬ್ಬರಗಳಿಂದ ಬಂದರೆ, ಇನ್ನೊಂದು ಭಾಗವು ವಂಶದಿಂದ ಬರುವುದು. ಮೊದಲು ತೆನೆ ಬಿಟ್ಟ ಗಿಡದ ಬೀಜವನ್ನೇ ವರ್ಷವರ್ಷವೂ ಇಡುತ್ತ ಬಂದರೆ, ಬೇಗ ಮುದಿಯಾಗುವ ವಂಶವನ್ನು ನಾವೇ ಆರಿಸಿ ಸಾಕಿದಂತಾಯಿತು. ನಮ್ಮ ಮನೆಯಲ್ಲಿ ಮೂರು ವರ್ಷ ನಡೆದುದು ಇದೇ. ಒಳ್ಳೆಯದನ್ನು ಉಂಡು, ಕೆಟ್ಟದ್ದನ್ನು ಬಿತ್ತಿದೆವು. ಪುಷ್ಟವಾದ, ಕೊನೆಗೆ ಹೂಬಿಡುವ ಗಿಡಕ್ಕೆ ನಾರು ಕಟ್ಟುವುದೆಂದರೆ ಮುಂದಿನ ವರ್ಷದ ಸಾಲನ್ನು ಈ ವರ್ಷವೇ ಆರಿಸುವುದು.

ಹಗಲಿನ ಅಳತೆಯೂ ಇಲ್ಲಿ ಕೆಲಸಮಾಡುವುದು. ಹರಿವೆಯ ಜಾತಿಯವು ಹಗಲು ಕಿರಿದಾದಂತೆ ಹೂಬಿಡಲು ತ್ವರೆಪಡುವುವು. ಆದುದರಿಂದ ವೃಶ್ಚಿಕ ಧನುರ್ಮಾಸಗಳಲ್ಲಿ ಬಿತ್ತಿದ ಸಾಲು ಬೇಸಗೆಯ ಸಾಲಿಗಿಂತ ಬೇಗ ತೆನೆ ಬಿಟ್ಟರೆ ಬೀಜವನ್ನು ದೂರಬೇಕಾಗಿಲ್ಲ. ಒಂದೇ ದಿನ ಬಿತ್ತಿದ ಗಿಡಗಳೊಳಗೆ ಮಾತ್ರ ತಾರತಮ್ಯವನ್ನು ನೋಡತಕ್ಕದ್ದು.

ಕೆಂಪು ಹಸುರುಗಳು ಬೆರೆತುದಕ್ಕೂ ಕಾರಣವಿದೆ. ಹರಿವೆಯ ಒಂದೇ ಗಿಡದಲ್ಲಿ ಗಂಡು ಹೂವೂ ಹೆಣ್ಣು ಹೂವೂ ಬೇರೆಬೇರೆಯಾಗಿ ಇರುವುವು. ಪರಾಗವು ಬಹುಮಟ್ಟಿಗೆ ಗಾಳಿಯಿಂದ ಸಾಗುವುದು. ಪಕ್ಕದ ಸಾಲಿನಲ್ಲಿ ಬೇರೊಂದು ಹರಿವೆ ಅದೇ ಕಾಲಕ್ಕೆ ಹೂಬಿಟ್ಟರೆ ಸಂಕರವಾಗದೆ ಇರದು. ಬೀಜದ ವ್ಯಾಪಾರಕ್ಕೆ ಬೆಳೆಯುವವರು ಎರಡು ತಳಿಗಳ ನಡುವೆ ನೂರಾರು ಮೀಟರುಗಳ ಅಂತರವನ್ನಿಡುವರು. ಹಿತ್ತಿಲಿನಲ್ಲಿ ಅದು ಸಾಧ್ಯವಿಲ್ಲ. ಗೃಹಸ್ಥನಿಗೆ ಸುಲಭವಾದ ಉಪಾಯವೇನೆಂದರೆ, ಒಂದು ವರ್ಷದಲ್ಲಿ ಒಂದೇ ಹರಿವೆಯನ್ನು ಹೂಬಿಡಲು ಬಿಡುವುದು. ಬೇರೆ ಬಣ್ಣದವುಗಳನ್ನು ತೆನೆ ಹೊರಡುವ ಮೊದಲೇ ಕೊಯ್ದು ಅಡುಗೆಗೆ ಸಲ್ಲಿಸುವುದು. ಮರುವರ್ಷ ಎರಡನೆಯದಕ್ಕೆ ಸರದಿ. ಬೇಲಿಯ ಬದಿಯ ಮುಳ್ಳುಹರಿವೆಯನ್ನು ಕಿತ್ತೆಸೆಯುವುದೂ ಅವಶ್ಯ. ಅದರ ಬೀಜವು ಕಣ್ಣಿಗೆ ಹರಿವೆಯ ಬೀಜದಂತೆಯೇ ಕಾಣುವುದು.

ಒಂದೇ ಗಿಡವನ್ನು ಬೀಜಕ್ಕೆ ಬಿಟ್ಟರೆ ಸಾಲದೆ ಎಂದು ಕೇಳಬಹುದು. ಒಂದು ಗಿಡದ ತೆನೆಯಲ್ಲಿ ಊರಿಗೆಲ್ಲ ಹಂಚುವಷ್ಟು ಬೀಜ ಸಿಗುವುದೇನೋ ನಿಜ. ಒಂದು ಗ್ರಾಮು ತೂಗಿದರೆ ಸಾವಿರಕ್ಕೂ ಮಿಕ್ಕಿದ ಕಾಳುಗಳು ಬರುವುವು. ಆದರೆ ಪರಪರಾಗದಿಂದ ಫಲಿಸುವ ಗಿಡದ ವಂಶವನ್ನು ಒಂದೇ ತಾಯಿಯ ಮೇಲೆ ನಿಲ್ಲಿಸಿದರೆ ಅದರ ಗುಣವೈವಿಧ್ಯವು ಕಿರಿದಾಗುತ್ತ ಬರುವುದು. ಮುಂದೊಂದು ರೋಗಕ್ಕೆ ಎಲ್ಲವೂ ಒಟ್ಟಿಗೆ ಬಲಿಯಾಗಬಹುದು. ಎಂಟು ಹತ್ತು ಗಿಡಗಳ ಬೀಜವನ್ನು ಕೂಡಿಸಿ ಇಡುವ ನಮ್ಮ ತಾಯಿಯವರ ಪದ್ಧತಿ ಇದಕ್ಕೆ ಸರಿಹೊಂದುವುದು.

ಇನ್ನು ಬೀಜ ತೆಗೆಯುವ ಕ್ರಮ. ತೆನೆಯ ಕೆಳಭಾಗ ಒಣಗತೊಡಗಿದಾಗ ಅದನ್ನು ಅಂಗೈಯಲ್ಲಿಟ್ಟು ಮೆಲ್ಲಗೆ ಉಜ್ಜಿ ನೋಡಬೇಕು. ಕರ್ರಗೆ ಹೊಳೆಯುವ ಕಾಳುಗಳು ಉದುರಿದರೆ ಕಾಲ ಸನ್ನಿಹಿತವಾಯಿತು. ಕಂದಿದ ಬಣ್ಣದವು ಇನ್ನೂ ಬಲಿತಿಲ್ಲ. ಇಡೀ ತೆನೆ ಒಣಗುವ ತನಕ ಕಾದರೆ ಅರ್ಧ ಬೀಜ ಮಣ್ಣುಪಾಲು, ಉಳಿದುದು ಹಕ್ಕಿಪಾಲು. ಬೆಳಗಿನ ತಂಪಿನಲ್ಲಿ ಕೊಯ್ದರೆ ಉದುರುವುದು ಕಡಿಮೆ. ಕೊಯ್ದ ತೆನೆಗಳನ್ನು ಬಟ್ಟೆಯ ಮೇಲೆ ಹರಡಿ ನಾಲ್ಕೈದು ದಿನ ಗಾಳಿಯಾಡುವ ನೆರಳಿನಲ್ಲಿ ಬಿಟ್ಟು, ಅನಂತರ ಕೈಯಿಂದ ಉಜ್ಜಿ, ಗೆರಸೆಯಲ್ಲಿ ಕೇರಬೇಕು. ಕೇರುವಾಗ ಹಾರಿಹೋಗುವ ಜಳ್ಳಿಗಾಗಿ ದುಃಖಿಸಬಾರದು. ಭಾರವಾದ ಕಾಳೇ ಬಲವಾದ ಸಸಿಯಾಗುವುದು. ಬಳಿಕ ಎರಡು ಮೂರು ದಿನ ಬೆಳಗಿನ ಎಳೆಬಿಸಿಲಿನಲ್ಲಿ ಒಣಗಿಸತಕ್ಕದ್ದು. ನಡುಹಗಲಿನ ಬಿಸಿಲಿನಲ್ಲಿ ತಗಡಿನ ಮೇಲೆಯೋ ಕಾದ ತಾರಸಿಯ ಮೇಲೆಯೋ ಹರಡಿದರೆ ಬೀಜದೊಳಗಿನ ಜೀವ ಬೆಂದುಹೋಗುವುದು.

ವೃಶ್ಚಿಕದಲ್ಲಿ ಬಿತ್ತಿದ ಹರಿವೆಯ ಬೀಜ ಹೀಗೆ ಕೈಗೆ ಬರುವುದು ಸುಮಾರು ಮಾಘ ಫಾಲ್ಗುಣಗಳಲ್ಲಿ. ಸಂಸ್ಕೃತದ ‘ಕೃಷಿಪರಾಶರ’ವೆಂಬ ಕೃಷಿಗ್ರಂಥದಲ್ಲಿಯೂ ಬೀಜಸಂಗ್ರಹಕ್ಕೆ ವಿಧಿಸಿದ ತಿಂಗಳುಗಳು ಇವೆರಡೇ ಎಂಬುದನ್ನು ಕಂಡು ನಮಗೆ ಸಂತೋಷವಾಯಿತು. ಬೀಜವನ್ನು ಚೆನ್ನಾಗಿ ಒಣಗಿಸಬೇಕು, ಒಂದೇ ಬಗೆಯ ಬೀಜವನ್ನು ಬೇರೆ ಬೇರೆಯಾಗಿ ಇಡಬೇಕು, ಬೆರಕೆಯ ಬೀಜದಿಂದ ಒಳ್ಳೆಯ ಫಲವಿಲ್ಲ ಎಂಬುದೇ ಅದರ ತಾತ್ಪರ್ಯ. ಭಾವಮಿಶ್ರನ ‘ಭಾವಪ್ರಕಾಶ’ದ ಶಾಕವರ್ಗದಲ್ಲಿ ಹರಿವೆಯು ‘ಮಾರಿಷ’ವೆಂಬ ಹೆಸರಿನಿಂದ ಬಿಳಿದು, ಕೆಂಪು ಎಂದು ಎರಡು ವಿಧವಾಗಿ ಹೇಳಲ್ಪಟ್ಟಿದೆ, ಬಸಳೆಗೆ ‘ಉಪೋದಿಕಾ’ ಎಂದು ಹೆಸರು. ಶತಮಾನಗಳ ಹಿಂದೆ ಎಣಿಸಲ್ಪಟ್ಟ ಈ ಸೊಪ್ಪುಗಳು ಇಂದು ನಮ್ಮ ಹಿತ್ತಿಲಿನಲ್ಲಿದ್ದರೆ, ನಡುವಣ ಪ್ರತಿಯೊಂದು ವರ್ಷವೂ ಯಾರೋ ಒಬ್ಬರು ಒಂದು ಗಿಡವನ್ನು ತಿನ್ನದೆ ಬಿಟ್ಟುದರಿಂದಲ್ಲವೆ?

ಬೀಜವನ್ನು ತೆಗೆಯುವುದಕ್ಕಿಂತ ಮಳೆಗಾಲವನ್ನು ದಾಟಿಸುವುದು ಕಷ್ಟ. ನಮ್ಮ ಆಟಿ ಸೋಣ ತಿಂಗಳುಗಳಲ್ಲಿ ಗೋಡೆಯೇ ಬೆವರುವಾಗ ಬೀಜವು ಗಾಳಿಯ ತೇವವನ್ನು ಹೀರಿಕೊಳ್ಳದೆ ಇರುವುದೆ? ಹ್ಯಾರಿಂಗ್ಟನ್ ಎಂಬ ಅಮೆರಿಕದ ಬೀಜವಿಜ್ಞಾನಿಯು ಒಂದು ಸ್ಥೂಲನಿಯಮವನ್ನು ಹೇಳಿದ್ದಾನೆ. ಬೀಜದ ತೇವಾಂಶವನ್ನು ಶೇಕಡಾ ೧ರಷ್ಟು ಇಳಿಸಿದರೆ ಅದರ ಆಯುಷ್ಯವು ಇಮ್ಮಡಿಯಾಗುವುದು. ಇಟ್ಟಿರುವ ಸ್ಥಳದ ಉಷ್ಣತೆಯನ್ನು ಸುಮಾರು ೫ ಡಿಗ್ರಿ ಸೆಂಟಿಗ್ರೇಡಿನಷ್ಟು ಇಳಿಸಿದರೂ ಹಾಗೆಯೇ. ಇದನ್ನು ಓದಿದ ಮೇಲೆ ನಮಗೆ ಅಟ್ಟದ ಗಂಟು ಏಕೆ ಸತ್ತಿತೆಂಬುದು ಗೊತ್ತಾಯಿತು. ತಾಯಿಯವರ ಕಾಲದಲ್ಲಿ ಆ ಅಟ್ಟದ ಕೆಳಗೆ ದಿನವೂ ಒಲೆ ಉರಿಯುತ್ತಿತ್ತು. ಮಳೆಗಾಲದುದ್ದಕ್ಕೂ ಅಲ್ಲಿಯ ಗಾಳಿ ಒಣಗಿರುತ್ತಿತ್ತು. ಹೊಗೆಗೆ ಹುಳುವೂ ಬರುತ್ತಿರಲಿಲ್ಲ. ಅನಿಲದ ಒಲೆ ಬಂದ ಮೇಲೆ ಒಲೆಯ ಬೆಂಕಿ ಆರಿತು, ಅಟ್ಟ ತಣ್ಣಗಾಯಿತು, ತೇವ ಏರಿತು. ಪದ್ಧತಿಯ ಹೊರ ರೂಪವನ್ನು ಉಳಿಸಿಕೊಂಡು ಅದರ ಕಾರಣವನ್ನು ನಾವು ನಂದಿಸಿದ್ದೆವು.

ಹೊಗೆಯ ಅಟ್ಟವಿಲ್ಲದ ಮನೆಯವರು ಹೀಗೆ ಮಾಡಬಹುದು. ಬಿಗಿಯಾದ ಮುಚ್ಚಳವುಳ್ಳ ಗಾಜಿನ ಶೀಶೆಯ ತಳದಲ್ಲಿ, ಚೆನ್ನಾಗಿ ಹುರಿದು ಪೂರ್ತಿಯಾಗಿ ಆರಿಸಿದ ಅಕ್ಕಿಯನ್ನು ಹಾಕಿ, ಅದರ ಮೇಲೆ ಬೀಜದ ಕಾಗದದ ಪೊಟ್ಟಣವನ್ನಿಟ್ಟು ಮುಚ್ಚಬೇಕು. ಹುರಿದ ಅಕ್ಕಿ ಒಳಗಿನ ತೇವವನ್ನು ಹೀರಿಕೊಳ್ಳುವುದು. ಎರಡು ವಾರಗಳ ಬಳಿಕ ಅಕ್ಕಿಯನ್ನು ಹೊಸದಾಗಿ ಹುರಿದು ಬದಲಿಸಿದರೆ ಮತ್ತೂ ಒಳ್ಳೆಯದು. ಅಕ್ಕಿಯಿಲ್ಲದಿದ್ದರೆ ಒಣಗಿದ ಬೂದಿಯೂ ಆಗುವುದು. ಶೀಶೆಯನ್ನು ಬಿಸಿಲು ತಾಗದ ತಂಪು ಮೂಲೆಯಲ್ಲಿಯೋ ಶೀತಲ ಪೆಟ್ಟಿಗೆಯಲ್ಲಿಯೋ ಇಡಬಹುದು. ಆದರೆ ಶೀತಲ ಪೆಟ್ಟಿಗೆಯಿಂದ ತೆಗೆದ ಶೀಶೆಯನ್ನು ಒಡನೆ ತೆರೆಯಬಾರದು. ಹೊರಗಿನ ಗಾಳಿಯ ನೀರು ಬೀಜದ ಮೇಲೆ ಹನಿಗಟ್ಟುವುದು. ಒಂದು ರಾತ್ರಿ ಹೊರಗಿಟ್ಟು, ಬೆಳಗ್ಗೆ ತೆರೆಯತಕ್ಕದ್ದು. ಪೊಟ್ಟಣದ ಮೇಲೆ ಬೀಜದ ಹೆಸರು, ತೆಗೆದ ತಿಂಗಳು, ವರ್ಷ, ಮೂಲತಃ ಯಾರ ಮನೆಯಿಂದ ಬಂದುದು ಎಂಬ ನಾಲ್ಕು ಸಂಗತಿಗಳನ್ನು ಬರೆಯುವುದನ್ನು ಮರೆಯಬಾರದು. ನೆನಪಿರುವುದೆಂಬ ಧೈರ್ಯವು ಒಂದು ಮಳೆಗಾಲವನ್ನೂ ದಾಟದು.

ಬಿತ್ತುವ ಮೊದಲು ಪರೀಕ್ಷೆ ಮಾಡುವುದು ವಿವೇಕ. ಐವತ್ತು ಕಾಳುಗಳನ್ನು ಎಣಿಸಿ ಒದ್ದೆ ಬಟ್ಟೆಯ ಮೇಲೆ ಹರಡಿ ಮಡಿಸಿಟ್ಟರೆ ನಾಲ್ಕೈದು ದಿನಗಳಲ್ಲಿ ಫಲ ತಿಳಿಯುವುದು. ನಾಲ್ವತ್ತು ಮೊಳೆತರೆ ನಿಶ್ಚಿಂತೆ. ಇಪ್ಪತ್ತೈದಕ್ಕಿಂತ ಕಡಿಮೆಯಾದರೆ ಆ ಬೀಜವನ್ನು ಮುಂದಿನ ವರ್ಷಕ್ಕೆ ಇಡದೆ, ದಟ್ಟವಾಗಿ ಬಿತ್ತಿ, ಅದೇ ವರ್ಷ ಹೊಸ ಬೀಜವನ್ನು ತೆಗೆದುಕೊಳ್ಳಬೇಕು. ಬಿತ್ತುವಾಗ ಕಾಳು ಸಣ್ಣದಾದುದರಿಂದ ಒಣ ಮರಳನ್ನು ಬೆರೆಸಿಕೊಂಡರೆ ಸಮನಾಗಿ ಬೀಳುವುದು. ಇರುವೆಗಳು ಹರಿವೆಯ ಬೀಜವನ್ನು ಸಾಲಾಗಿ ಹೊತ್ತೊಯ್ಯುವುದನ್ನು ಎಲ್ಲರೂ ಕಂಡಿರಬಹುದು. ಬೀಜದ ಜೊತೆಗೆ ಒಂದಿಷ್ಟು ಅಕ್ಕಿತರಿಯನ್ನು ಚೆಲ್ಲಿದರೆ ಅವು ಅದನ್ನು ಹೊರುವುದರಲ್ಲಿ ತೊಡಗಿ ಬೀಜವನ್ನು ಬಿಡುವುವು.

ಬೇರೆ ಸೊಪ್ಪುಗಳ ವಿಷಯವಾಗಿಯೂ ಎರಡು ಮಾತು. ಬಸಳೆಯನ್ನು ಬಳ್ಳಿಯ ತುಂಡಿನಿಂದಲೇ ನೆಡುವುದು ವಾಡಿಕೆ. ಆದರೆ ಬುಡ ಕೊಳೆತು ಚಪ್ಪರವೇ ಬರಿದಾದ ವರ್ಷ ಗತಿಯೇನು? ಕಪ್ಪು ನೇರಿಳೆಯ ಬಣ್ಣಕ್ಕೆ ತಿರುಗಿದ ಹಣ್ಣುಗಳನ್ನು ಕಿವುಚಿ, ರಸವನ್ನು ತೊಳೆದು, ನೆರಳಿನಲ್ಲಿ ಒಣಗಿಸಿದ ಬೀಜ ಇದ್ದರೆ ಬಸಳೆ ಮನೆಬಿಟ್ಟು ಹೋಗದು. ಬಿತ್ತುವ ಮುನ್ನ ಅದನ್ನು ಒಂದು ರಾತ್ರಿ ನೀರಿನಲ್ಲಿ ನೆನೆಯಿಡಬೇಕು. ಮೊಳೆಯುವುದಕ್ಕೆ ಎರಡು ಮೂರು ವಾರಗಳೂ ಹಿಡಿಯಬಹುದು, ಅವಸರಿಸಬಾರದು. ತಂಬುಳಿಗೆ ಬೇಕಾದ ಒಂದೆಲಗವು ನೆಲದ ಮೇಲೆ ಹರಿದು ಗೆಣ್ಣುಗೆಣ್ಣಿಗೆ ಬೇರುಬಿಡುವುದರಿಂದ ಅದಕ್ಕೆ ಬೀಜದ ಗೊಡವೆಯಿಲ್ಲ.

ಪಟ್ಟಣವಾಸಿಗಳಾದ ನಮ್ಮ ಮಕ್ಕಳು ಮಹಡಿಯ ಕುಂಡಗಳಲ್ಲಿ ಹಸಿಯಾಗಿ ತಿನ್ನುವ ಲೆಟ್ಯೂಸ್ ಸೊಪ್ಪನ್ನು ಬೆಳೆಯುವರು. ಅದರ ಹೂವು ಬಹುಮಟ್ಟಿಗೆ ಸ್ವಪರಾಗದಿಂದಲೇ ಫಲಿಸುವುದರಿಂದ ಎರಡು ತಳಿಗಳು ಹತ್ತಿರವಿದ್ದರೂ ಸಂಕರದ ಭಯ ಅಲ್ಪ. ಎಕ್ಕದ ಬೀಜದಂತೆ ಬಿಳಿಯ ಕುಚ್ಚು ಕಾಣಿಸಿಕೊಂಡಾಗ ಬೀಜವನ್ನು ತೆಗೆಯಬಹುದು. ಸೆಕೆಗೆ ಅದು ಬೇಗನೆ ಹೂದಂಟನ್ನು ಎತ್ತುವುದರಿಂದ, ಕೊನೆಗೆ ಹೂಬಿಟ್ಟುದನ್ನೇ ಇಡಬೇಕೆಂಬ ನಿಯಮ ಅಲ್ಲಿ ಮತ್ತಷ್ಟು ಮುಖ್ಯ. ಪೇಟೆಯ ಪೊಟ್ಟಣದಿಂದ ಬೆಳೆದ ಗಿಡಗಳಿಂದಲೂ ಬೀಜವನ್ನಿಡಬಹುದು. ಪೊಟ್ಟಣದ ಮೇಲೆ ‘ಹೈಬ್ರಿಡ್’ ಎಂದಿದ್ದರೆ ಮಾತ್ರ ಅದರ ಸಂತಾನದಲ್ಲಿ ಗುಣಗಳು ಚದರಿಹೋಗುವುವು.

ಮನೆಯ ಬೀಜವನ್ನು ಇಡುವುದಕ್ಕೂ ಹಂಚುವುದಕ್ಕೂ ಯಾರ ಅಪ್ಪಣೆಯೂ ಬೇಡವೆಂಬುದನ್ನು ತಿಳಿದಿರುವುದು ಒಳ್ಳೆಯದು. ೨೦೦೧ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯು ಬೀಜವನ್ನು ಉಳಿಸಿ, ಬಿತ್ತಿ, ಮರುಬಿತ್ತಿ, ವಿನಿಮಯಮಾಡಿ, ಹಂಚಿ, ಮಾರುವ ಹಕ್ಕನ್ನು ರೈತನಿಗೆ ಕೊಟ್ಟಿದೆ. ಸಂರಕ್ಷಿತ ತಳಿಯ ಬೀಜವನ್ನು ಮುದ್ರೆಯ ಹೆಸರಿನಿಂದ ಮಾರಕೂಡದೆಂಬುದಷ್ಟೇ ನಿರ್ಬಂಧ. ನಮ್ಮ ನೆರೆಯ ಕಾಸರಗೋಡು ಸೀಮೆಯ ನೆಟ್ಟಣಿಗೆಯಲ್ಲಿ ಶ್ರೀ ಸತ್ಯನಾರಾಯಣ ಬೆಳೇರಿಯವರು ೬೫೦ಕ್ಕೂ ಮಿಕ್ಕ ಭತ್ತದ ತಳಿಗಳನ್ನು ಉಳಿಸಿದುದಕ್ಕಾಗಿ ೨೦೨೪ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾದರು. ದೊಡ್ಡ ಗದ್ದೆಯಿಲ್ಲದಿದ್ದರೂ ಚೀಲಗಳಲ್ಲಿ ಬೆಳೆಸಿ ಒಂದೊಂದು ತಳಿಯ ಜೀವವನ್ನು ಹಿಡಿದಿಟ್ಟವರು ಅವರು.

ತಾಯಿಯವರ ಪದ್ಧತಿಯಲ್ಲಿ ಎರಡು ಧರ್ಮಗಳಿದ್ದುವೆಂದು ಈಗ ನಮಗೆ ಕಾಣುವುದು: ಬೀಜಕ್ಕೆ ಬಿಟ್ಟುದನ್ನು ತಿನ್ನದಿರುವುದು, ತೆಗೆದಿಟ್ಟುದನ್ನು ಕೊಡುವುದು. ಲೋಕದ ದೊಡ್ಡ ಕಥೆಗಳೂ ಇವೆರಡನ್ನೇ ಹೇಳುವುವು. ರುಷ್ಯದೇಶದ ಲೆನಿನ್‌ಗ್ರಾಡಿನಲ್ಲಿ ನಿಕೊಲಾಯ್ ವಾವಿಲೊವ್ ಎಂಬ ವಿಜ್ಞಾನಿ ಲೋಕದ ನಾನಾ ಭಾಗಗಳಿಂದ ಬೀಜಗಳನ್ನು ತಂದು ದೊಡ್ಡದೊಂದು ಸಂಗ್ರಹವನ್ನು ಕೂಡಿಸಿದ್ದನು. ೧೯೪೧ರಿಂದ ೧೯೪೪ರ ವರೆಗೆ ಶತ್ರುಗಳು ಆ ನಗರವನ್ನು ಮುತ್ತಿದಾಗ, ಸಂಗ್ರಹವನ್ನು ಕಾಯುತ್ತಿದ್ದವರಲ್ಲಿ ಹಲವರು ಹಸಿವಿನಿಂದ ಪ್ರಾಣಬಿಟ್ಟರು. ಭತ್ತದ ಸಂಗ್ರಹವನ್ನು ನೋಡಿಕೊಳ್ಳುತ್ತಿದ್ದವನು ಭತ್ತದ ಪೊಟ್ಟಣಗಳ ನಡುವೆಯೇ ಸತ್ತನು. ಅವರು ಬೀಜವನ್ನು ಉಣ್ಣಲಿಲ್ಲ.

ಎರಡನೆಯದು ಸಿರಿಯಾ ದೇಶದ ಸಂಗತಿ. ಅಲ್ಲಿಯ ಅಲೆಪ್ಪೊ ನಗರದ ಬಳಿಯ ಅಂತಾರಾಷ್ಟ್ರೀಯ ಕೃಷಿಸಂಸ್ಥೆಯೊಂದು, ತನ್ನ ಬೀಜಗಳ ಪ್ರತಿಗಳನ್ನು ನಾರ್ವೆಯವರು ಉತ್ತರಧ್ರುವದ ಸಮೀಪದ ಸ್ವಾಲ್‌ಬಾರ್ಡ್ ದ್ವೀಪದಲ್ಲಿ ೨೦೦೮ರಲ್ಲಿ ತೆರೆದ ಹಿಮಗುಹೆಯ ಬೀಜಭಂಡಾರಕ್ಕೆ ಕಳುಹಿಸಿಟ್ಟಿತ್ತು. ಯುದ್ಧದಿಂದ ಅಲೆಪ್ಪೊದ ಭಂಡಾರವು ಕೈತಪ್ಪಿದಾಗ, ೨೦೧೫ರಲ್ಲಿ ಆ ಪ್ರತಿಗಳನ್ನು ಮರಳಿ ಪಡೆದು ಲೆಬನಾನ್ ಮೊರೊಕ್ಕೊಗಳಲ್ಲಿ ಬಿತ್ತಿ ಬೆಳೆಸಿದರು. ಬೆಳೆದ ಮೇಲೆ ಹೊಸ ಬೀಜವನ್ನು ಪುನಃ ಹಿಮಗುಹೆಗೆ ಒಪ್ಪಿಸಿದರು. ತಮ್ಮಲ್ಲಿ ಇಟ್ಟುಕೊಂಡುದು ಹೋಯಿತು, ಕೊಟ್ಟುದು ಉಳಿಯಿತು. ತೋಡಿನಾಚೆಯ ಆ ಮನೆಯೇ ನಮ್ಮ ಪಾಲಿನ ಹಿಮಗುಹೆಯಾಗಿತ್ತು.

ಆ ಅಕ್ಕ ಕೊಟ್ಟ ಗಂಟಿನಿಂದ ಬಿತ್ತಿದ ಹರಿವೆ ನಮ್ಮ ಹಿತ್ತಿಲಿನಲ್ಲಿ ಪುನಃ ಎದೆಯೆತ್ತರಕ್ಕೆ ಬಂದಿದೆ. ೨೦೨೧ರಲ್ಲಿ ಆಕೆ ತೀರಿಕೊಂಡರು. ಹಳೆಯ ಮನೆಯನ್ನು ಕೆಡವಿ ಹೊಸಮನೆಯನ್ನು ಕಟ್ಟುವ ಗಡಿಬಿಡಿಯಲ್ಲಿ ಅವರ ಹಿತ್ತಿಲು ಎರಡು ವರ್ಷ ಪಾಳುಬಿದ್ದಿತ್ತು. ಕಳೆದ ವೃಶ್ಚಿಕಮಾಸದ ಒಂದು ಸಂಜೆ ಅವರ ಸೊಸೆ ನಮ್ಮ ಅಂಗಳಕ್ಕೆ ಬಂದು ಸಂಕೋಚದಿಂದ ನಿಂತು, “ಮಾಷ್ಟ್ರೇ, ಅತ್ತೆಯ ಹರಿವೆ ನಮ್ಮಲ್ಲಿ ತಪ್ಪಿಹೋಯಿತು. ನಿಮ್ಮಲ್ಲಿ ಒಂದಿಷ್ಟು ಬೀಜ ಇದೆಯಾ?” ಎಂದು ಕೇಳಿದರು. ನಮ್ಮ ಮನೆಯಾಕೆ ಒಳಗಿನಿಂದ ಒಂದು ಗೆರಟೆಯನ್ನು ಹುಡುಕಿ ತಂದು, ಶೀಶೆಯಿಂದ ಬೀಜವನ್ನು ಸುರಿದು ಕೊಟ್ಟಳು. ಕೊಡುವಾಗ, ಬೇಗ ಹೂಬಿಟ್ಟುದನ್ನು ಇಡಬೇಡವೆಂದು ಹೇಳಲು ಮರೆಯಲಿಲ್ಲ.

ವಾಚಕರಲ್ಲಿ ನಮ್ಮ ಬಿನ್ನಹ ಇಷ್ಟೇ. ಈ ಸಲದ ಸಾಲಿನಲ್ಲಿ ಅತ್ಯಂತ ಚೆನ್ನಾದ ಗಿಡಗಳನ್ನು ನೋಡಿ ಅವಕ್ಕೆ ಒಂದು ನಾರು ಕಟ್ಟಿರಿ. ನೆಂಟರು ಬಂದ ದಿನವೂ ಅವುಗಳ ಬಳಿಗೆ ಕತ್ತಿಯನ್ನು ಒಯ್ಯದಿರಿ. ಮಾಘ ಕಳೆದ ಮೇಲೆ ಬೀಜವನ್ನು ಎರಡು ಪಾಲು ಮಾಡಿ, ಒಂದನ್ನು ಶೀಶೆಯಲ್ಲಿಟ್ಟು ಇನ್ನೊಂದನ್ನು ನೆರೆಮನೆಗೆ ಕಳುಹಿಸಿರಿ. ನಮ್ಮ ಮನೆಯಲ್ಲಿ ಈ ವರ್ಷ ನಾರು ಕಟ್ಟುವ ಕೆಲಸ ಮೊಮ್ಮಗಳದು. ಅವಳು ಹತ್ತು ಗಿಡಗಳಿಗೆ ಕಟ್ಟೆಂದರೆ ಹನ್ನ್ನೆರಡಕ್ಕೆ ಕಟ್ಟಿದ್ದಾಳೆ. ಇರಲಿ ಎಂದು ಬಿಟ್ಟಿದ್ದೇವೆ.